ಗಂಟೆ ತುಂಬಿಸಲು ಇನ್‌ಸ್ಟ್ರಕ್ಟರ್ ಆಗ್ತೀರಾ?

ಹೆಲಿಕಾಪ್ಟರ್ ಪೈಲಟ್ ಆಗುವುದು ಹೇಗೆ ಎಂದು ಮುಂಬೈ, ಪುಣೆ, ಗೋವಾದ ಕನ್ನಡಿಗರು ನನಗೆ ಬರೆಯುತ್ತಲೇ ಇರುತ್ತಾರೆ. ವಯಸ್ಸು, ಪರೀಕ್ಷೆ, ಅರ್ಜಿ ಇವೆಲ್ಲ ಪೈಲಟ್ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ವೆಬ್‌ಸೈಟಿನಲ್ಲಿವೆ, ಅಲ್ಲೇ ಓದಿಕೊಳ್ಳಿ. ಒಂದು ಪ್ರಶ್ನೆ ಮಾತ್ರ ಊರು ಬದಲಿಸಿಕೊಂಡು ಪದೇ ಪದೇ ಬರುತ್ತಿದೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಮಗ ಹನ್ನೆರಡನೇ ತರಗತಿ ಮುಗಿಸಿದ್ದಾನೆ. ಅಮೆರಿಕದಲ್ಲಿ ಹೆಲಿಕಾಪ್ಟರ್ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮಾಡಿಸಿ, ಅಲ್ಲೇ ಇನ್‌ಸ್ಟ್ರಕ್ಟರ್ ಆಗಿ ಸಂಬಳ ತೆಗೆದುಕೊಳ್ಳುತ್ತಾ 1,000 ಗಂಟೆಯ ಹಾರಾಟ ತುಂಬಿಸಿ ಬಂದರೆ ಮುಂಬೈನ ಜುಹು ವಿಮಾನ ನಿಲ್ದಾಣದಲ್ಲಿ ಕೆಲಸ ಗ್ಯಾರಂಟಿ ಎಂದು ಏಜೆಂಟ್ ಹೇಳುತ್ತಾರೆ. ನಂಬಬಹುದಾ? – ಡೊಂಬಿವಲಿಯ ತಂದೆ

ನಂಬಬೇಡಿ. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಜನ ಮೋಸ ಹೋಗುವುದೂ ಅದಕ್ಕೇ. ಅಮೆರಿಕದ ಹುಡುಗರು ಹೋಗುವ ದಾರಿ ಇದೇ. 150 ಗಂಟೆಗೆ ಕಮರ್ಷಿಯಲ್ ಲೈಸೆನ್ಸ್, ಆಮೇಲೆ ಇನ್‌ಸ್ಟ್ರಕ್ಟರ್ ಕೆಲಸ, ಸಾವಿರ ಗಂಟೆ ಹತ್ತಿರವಾದಾಗ ಗ್ರ್ಯಾಂಡ್ ಕ್ಯಾನ್ಯನ್ ಟೂರ್ ಅಥವಾ ಸಮುದ್ರದ ತೈಲ ಪ್ಲಾಟ್‌ಫಾರ್ಮ್. ಆದರೆ ಅವರು ಅಲ್ಲಿಯವರು. ನಿಮ್ಮ ಮಗ ಬಹುಶಃ ಎಂ-1 ವೀಸಾದಲ್ಲಿ, ಅಂದರೆ ವೃತ್ತಿ ಕಲಿಯುವ ವಿದ್ಯಾರ್ಥಿಗಳ ವೀಸಾದಲ್ಲಿ ಹೋಗುತ್ತಾನೆ. ಓದುವಾಗ ಕೆಲಸ ಮಾಡುವಂತಿಲ್ಲ. ಓದು ಮುಗಿದ ಮೇಲೆ ನಾಲ್ಕು ತಿಂಗಳ ಓದಿಗೆ ಒಂದು ತಿಂಗಳಂತೆ ಪ್ರಾಕ್ಟಿಕಲ್ ಟ್ರೇನಿಂಗ್, ಅಂದರೆ ಕೆಲಸ ಮಾಡುತ್ತಾ ಕಲಿಯುವ ಅನುಮತಿ ಸಿಗಬಹುದು, ಅದೂ ಹೆಚ್ಚೆಂದರೆ 6 ತಿಂಗಳು. ಒಂದು ವರ್ಷ ಓದಿದವನಿಗೆ ಮೂರು ತಿಂಗಳು. ಅಷ್ಟರಲ್ಲಿ ಸಾವಿರ ಗಂಟೆ ಎಲ್ಲಿಂದ ಬರಬೇಕು? ಬೇರೆ ವೀಸಾ ಕೊಡಿಸುತ್ತೇವೆ ಎಂದರೆ ಆ ಮಾತನ್ನು ಶಾಲೆಯಿಂದಲೇ ಬರಹದಲ್ಲಿ ತರಿಸಿಕೊಳ್ಳಿ. ಏಜೆಂಟಿನ ವಾಟ್ಸ್ಆ್ಯಪ್ ಮೆಸೇಜು ಬರಹ ಅಲ್ಲ.

ಏಜೆಂಟ್ ಬಾಯಿ ಬಿಡದ ಇನ್ನೊಂದು ಸಂಗತಿ ಇದೆ. ಅಲ್ಲಿ ಎಷ್ಟೋ ಶಾಲೆಗಳಲ್ಲಿ ಕಲಿಸುವುದು ರಾಬಿನ್ಸನ್ ಆರ್‌22 ಎಂಬ ಸಣ್ಣ ಹೆಲಿಕಾಪ್ಟರ್ ಮೇಲೆ. ಅದರಲ್ಲಿ ಕಲಿಸಬೇಕಾದರೆ ಹೆಲಿಕಾಪ್ಟರಿನಲ್ಲಿ 200 ಗಂಟೆ ಹಾರಿರಬೇಕು ಎಂದು 1995ರಿಂದಲೂ ಅಮೆರಿಕದಲ್ಲಿ ವಿಶೇಷ ನಿಯಮ ಇದೆ. ಅಂದರೆ 150ಕ್ಕೆ ಲೈಸೆನ್ಸ್ ಸಿಕ್ಕರೂ ಉಳಿದ 50 ಗಂಟೆ ನಿಮ್ಮದೇ ದುಡ್ಡಿನಲ್ಲಿ. ಪ್ಯಾಕೇಜಿನಲ್ಲಿ ಅದು ಸೇರಿದೆಯಾ, ಕೇಳಿ ನೋಡಿ.

ಆ ನಿಯಮ ಸುಮ್ನೆ ಬಂದಿದ್ದಲ್ಲ. ಆರ್‌22 ಎರಡೇ ಸೀಟಿನ ಯಂತ್ರ. ಜನ, ಪೆಟ್ರೋಲು ಎಲ್ಲ ಸೇರಿ 622 ಕೆ.ಜಿ. ದಾಟುವಂತಿಲ್ಲ. ತಲೆಯ ಮೇಲೆ ತಿರುಗುವ ಬ್ಲೇಡುಗಳು, ಅಂದರೆ ರೋಟರ್, ಹಗುರ, ಹಾಗಾಗಿ ಎಂಜಿನ್ ಶಕ್ತಿ ಕಡಿಮೆಯಾದ ಕೂಡಲೇ ಅದರ ವೇಗ ಬಿದ್ದುಹೋಗುತ್ತದೆ. ರೋಟರ್ ವೇಗ ಮೀಟರಿನಲ್ಲಿ 97 ಪರ್ಸೆಂಟಿಗೆ ಇಳಿದರೆ ಹಾರ್ನ್ ಕೂಗುತ್ತದೆ, ದೀಪ ಹೊತ್ತುತ್ತದೆ. ಆಗ ಹೊಸಬ ಏನು ಮಾಡುತ್ತಾನೆ ಗೊತ್ತಾ? ನೆಲ ಹತ್ತಿರ ಬರುತ್ತಿದೆ ಎಂದು ಹೆದರಿ ಎಡಗೈಯಲ್ಲಿರುವ ಕಲೆಕ್ಟಿವನ್ನು, ಅಂದರೆ ಯಂತ್ರವನ್ನು ಏರಿಸಿ ಇಳಿಸುವ ಹಿಡಿಯನ್ನು, ಮೇಲಕ್ಕೆ ಎಳೆಯುತ್ತಾನೆ. ಎಳೆದಷ್ಟೂ ಬ್ಲೇಡಿನ ಕೋನ ಜಾಸ್ತಿಯಾಗುತ್ತದೆ, ಗಾಳಿ ತಡೆಯುತ್ತದೆ, ರೋಟರ್ ಇನ್ನೂ ನಿಧಾನವಾಗುತ್ತದೆ. ಮಾಡಬೇಕಾದದ್ದು ಪೂರಾ ಉಲ್ಟಾ. ಎಂಜಿನ್ ಶಕ್ತಿ ಹೆಚ್ಚಿಸಲು ಥ್ರಾಟಲ್ ತಿರುಗಿಸಬೇಕು, ಕಲೆಕ್ಟಿವ್ ಇಳಿಸಬೇಕು. ರೋಟರ್ ಒಂದು ಮಿತಿಗಿಂತ ಕೆಳಗೆ ಹೋಯಿತೆಂದರೆ ಆಕಾಶದಲ್ಲಿ ಮತ್ತೆ ವೇಗ ಹಿಡಿಸಲು ಆಗುವುದಿಲ್ಲ. ಗಾಬರಿಯಿಂದ ಎಳೆಯುತ್ತಿರುವ ಕೈಗೆ ಎದುರಾಗಿ ಒತ್ತಿ ಕೆಳಗಿಳಿಸುವುದು ಇನ್‌ಸ್ಟ್ರಕ್ಟರಿನ ಕೆಲಸ. ಯೋಚನೆ ಮಾಡಲು ಟೈಮ್ ಇರುವುದಿಲ್ಲ. ಕಲಿಸುವಾಗ ನನ್ನ ಎಡ ಅಂಗೈ ಕಲೆಕ್ಟಿವ್ ಮೇಲೆ ಸದಾ ಕವುಚಿಕೊಂಡೇ ಇರುತ್ತದೆ, ವಿದ್ಯಾರ್ಥಿ ಎಷ್ಟೇ ಚೆನ್ನಾಗಿ ಹಾರಿಸುತ್ತಿರಲಿ.

ಈ ಸೀಟಿನಲ್ಲಿ ಮೊನ್ನೆ ಮೊನ್ನೆ ಲೈಸೆನ್ಸ್ ಪಡೆದ ಇಪ್ಪತ್ತೊಂದರ ಹುಡುಗನನ್ನು ಕೂರಿಸಿ 'ಗಂಟೆ ತುಂಬಿಸಿಕೋ' ಎನ್ನುವುದು ನನಗೆ ಸಿಟ್ಟು ತರಿಸುತ್ತದೆ. ಅವನ ಕಣ್ಣು ಗಂಟೆ ಬರೆದಿಡುವ ಲಾಗ್‌ಬುಕ್ಕಿನ ಮೇಲಿದ್ದರೆ ಪಕ್ಕದಲ್ಲಿರುವವನ ಕೈ ಕಾಣುವುದಿಲ್ಲ. ಕಲಿಸುವ ಆಸೆ ನಿಜವಾಗಿಯೂ ಇದ್ದು, ಒಳ್ಳೆಯ ಗುರುವಿನ ಕೈಕೆಳಗೆ ಕಲಿಸುವುದನ್ನು ಕಲಿಯಲು ತಯಾರಿದ್ದರೆ ಮಾತು ಬೇರೆ. ಅಂಥವರು ಸಣ್ಣ ವಯಸ್ಸಿನಲ್ಲೂ ಚೆನ್ನಾಗಿ ಕಲಿಸುತ್ತಾರೆ.

ಇನ್ನು ಜುಹು. ಇಲ್ಲಿಯ ಮುಖ್ಯ ಕೆಲಸ ಮುಂಬೈ ಹೈ ತೈಲ ಪ್ಲಾಟ್‌ಫಾರ್ಮ್‌ಗಳಿಗೆ ಜನರನ್ನು ಸಾಗಿಸುವುದು. ಸಮುದ್ರದ ಮೇಲೆ 150 ಕಿ.ಮೀ.ಗೂ ಜಾಸ್ತಿ ದೂರ. ಎರಡು ಎಂಜಿನ್, ಇಬ್ಬರು ಪೈಲಟ್. ಜುಲೈನ ಮಳೆಯಲ್ಲಿ ಕಡಲು, ಮೋಡ ಎರಡೂ ಒಂದೇ ಬೂದು ಬಣ್ಣ, ಮೀಟರುಗಳನ್ನೇ ನಂಬಿ ಹಾರಬೇಕು. ಅರಿಜೋನಾದ ಬಿಸಿಲಿನಲ್ಲಿ ಪಿಸ್ಟನ್ ಎಂಜಿನ್ನಿನಲ್ಲಿ ಸುತ್ತಿದ ಸಾವಿರ ಗಂಟೆ ಇಲ್ಲಿ ಅಷ್ಟೇನೂ ತೂಗುವುದಿಲ್ಲ. ನಿಮ್ಮ ಮಗನ ಜೊತೆ ಅದೇ ಕೆಲಸ ಕೇಳುವವರು ವಾಯುಪಡೆ, ನೌಕಾಪಡೆ, ಸೇನೆಯಿಂದ ನಿವೃತ್ತರಾಗಿ ಬಂದವರು. ದೊಡ್ಡ ಯಂತ್ರಗಳ ಟರ್ಬೈನ್ ಎಂಜಿನ್, ರಾತ್ರಿ ಹಾರಾಟ, ಸಮುದ್ರ ಎಲ್ಲವನ್ನೂ ಕಂಡವರು. ವಿದೇಶಿ ಲೈಸೆನ್ಸ್ ಇಲ್ಲಿ ನಡೆಯಬೇಕಾದರೆ ಡಿಜಿಸಿಎ ಪರೀಕ್ಷೆ, ಇಲ್ಲಿಯ ಮೆಡಿಕಲ್ ಎರಡನ್ನೂ ದಾಟಬೇಕು.

ನನ್ನ ಮಗನಾಗಿದ್ದರೆ ಹೀಗೆ ಮಾಡಿಸುತ್ತಿದ್ದೆ. ಒಂದು ರೂಪಾಯಿ ಫೀಸು ಕಟ್ಟುವ ಮೊದಲು ಕ್ಲಾಸ್ 1 ಮೆಡಿಕಲ್, ಅಂದರೆ ಕಮರ್ಷಿಯಲ್ ಪೈಲಟ್‌ಗಳ ಆರೋಗ್ಯ ಪರೀಕ್ಷೆ. ಆಮೇಲೆ ಮನೆಯಲ್ಲೇ ಕೂತು ಡಿಜಿಸಿಎ ಪೇಪರುಗಳನ್ನು ಪಾಸು ಮಾಡುವುದು. ಶಾಲೆ ಹುಡುಕುವಾಗ ಮೊದಲು ಬೆಂಗಳೂರಿನ ಎಚ್‌ಎಎಲ್ ರೋಟರಿ ವಿಂಗ್ ಅಕಾಡೆಮಿಯಲ್ಲಿ ವಿಚಾರಿಸುವುದು. ಮೀಟರುಗಳನ್ನೇ ನಂಬಿ ಹಾರಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕೇ ಬೇಕು. ನಂತರ ಸಂಬಳ ಕಡಿಮೆಯಾದರೂ ಸರಿ, ಅನುಭವಿ ಕ್ಯಾಪ್ಟನ್ ಪಕ್ಕದ ಕೋ-ಪೈಲಟ್ ಸೀಟು. ಅದು ಸಿಗಲು ವರ್ಷ ಎರಡು ವರ್ಷ ಕಾಯಬೇಕಾಗಬಹುದು. ಕಾಯಲು ಶಕ್ತಿ ಇಲ್ಲದ ಮನೆಯವರು ಮನೆ ಅಡವಿಟ್ಟು ಈ ಓದಿಗೆ ಸಾಲ ಮಾಡಲೇಬೇಡಿ. ಇನ್‌ಸ್ಟ್ರಕ್ಟರ್ ರೇಟಿಂಗ್ ಆಮೇಲೆ ಇದ್ದೇ ಇದೆ. ನಮ್ಮಲ್ಲಿ ಹೆಲಿಕಾಪ್ಟರ್ ಕಲಿಸುವ ಸಿವಿಲ್ ಶಾಲೆಗಳೇ ಬೆರಳೆಣಿಕೆಯಷ್ಟು. ಅನುಭವ ಇಲ್ಲದ ಇನ್‌ಸ್ಟ್ರಕ್ಟರಿಗೆ ಅಲ್ಲಿ ಜಾಗ ಸಿಗುವುದು ಕಷ್ಟ.

ಲೈಸೆನ್ಸಿಗೆ ಹಾರಾಟದ ಗಂಟೆ ಸ್ವಲ್ಪ ಕಡಿಮೆ ಬಿದ್ದಿದೆ. ಪರಿಚಯದವರೊಬ್ಬರು ಸಹಿ ಹಾಕಿಕೊಡುತ್ತೇನೆ ಅಂದಿದ್ದಾರೆ. – ಪುಣೆ

ಹಾರದೆ ಪೆನ್ನಿನಲ್ಲೇ ಬರೆದುಕೊಂಡ ಇಂಥ ಗಂಟೆಗೆ ನಮ್ಮಲ್ಲಿ ಪಾರ್ಕರ್ ಪೆನ್ ಗಂಟೆ ಎನ್ನುತ್ತಾರೆ. 2011ರಲ್ಲಿ ಸುಳ್ಳು ದಾಖಲೆ ಕೊಟ್ಟ ಪೈಲಟ್‌ಗಳು ಜೈಲಿಗೆ ಹೋದರು. ಆ ಪರಿಚಯದವರ ಸಹವಾಸ ಇವತ್ತೇ ಬಿಡಿ.

ಬಣ್ಣಗುರುಡು ಇದೆ. ಕಣ್ಣಿಗೆ ಹಾಕುವ ಡ್ರಾಪ್ಸ್, ಮೂರು ತಿಂಗಳ ವ್ಯಾಯಾಮದಿಂದ ಹೋಗುತ್ತದಂತೆ? – ಮಡಗಾಂವ್

ಹುಟ್ಟಿನಿಂದ ಬಂದದ್ದು ಹೋಗುವುದಿಲ್ಲ. ಡ್ರಾಪ್ಸ್ ಮಾರುವವನು ಕಳ್ಳ. ಬಣ್ಣಗುರುಡು ಪರೀಕ್ಷೆಯ ಚುಕ್ಕೆ ಚಿತ್ರದ ಅಂಕಿಗಳನ್ನು ಬಾಯಿಪಾಠ ಮಾಡಿಸುವ ಕ್ಲಾಸಿನವರು ಇನ್ನೂ ಕೆಟ್ಟವರು. ಚಿತ್ರದ ಕ್ರಮ ಬದಲಿಸಿದರೆ ಸಾಕು, ಸಿಕ್ಕಿಬೀಳುತ್ತೀರಿ. ಸಿಕ್ಕಿಬೀಳದಿದ್ದರೆ ಮುಂದೊಂದು ರಾತ್ರಿ ಕೆಂಪು ದೀಪ ಯಾವುದು, ಹಸಿರು ಯಾವುದು ಎಂದು ತಿಳಿಯದೆ ಜನರನ್ನು ಕೂರಿಸಿಕೊಂಡು ಹಾರುತ್ತೀರಿ. ಕಣ್ಣನ್ನು ಸರಿಯಾದ ಡಾಕ್ಟರಿಗೆ ತೋರಿಸಿ, ಎಷ್ಟರ ಮಟ್ಟಿಗಿದೆ ಎಂದು ತಿಳಿದುಕೊಳ್ಳಿ.

ಎಂಜಿನ್ ನಿಂತರೆ ಕಲ್ಲಿನ ಹಾಗೆ ಬೀಳುತ್ತದೆ ಅಲ್ವಾ? – ಠಾಣೆ

ಇಲ್ಲ. ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತದೆ, ಅದರಿಂದಲೇ ಇಳಿಸುತ್ತೇವೆ. ಪ್ರತಿ ವಿದ್ಯಾರ್ಥಿಯೂ ಅಭ್ಯಾಸ ಮಾಡುವ ಪಾಠ ಅದು.

ಹೆಣ್ಣುಮಕ್ಕಳಿಗೆ ಆಗುತ್ತದಾ? – ವಾಶಿ

ಆಗುತ್ತದೆ. ದಯವಿಟ್ಟು ಈ ಪ್ರಶ್ನೆಯನ್ನು ಇನ್ನು ಕಳಿಸಬೇಡಿ.

ಈಗಷ್ಟೇ ಸಿಪಿಎಲ್ ಆಗಿದೆ. ಕೇದಾರನಾಥ ಸೀಸನ್ನಿಗೆ ಪೈಲಟ್ ಮಾಡಿಸುತ್ತೇನೆ ಎಂದು ಒಬ್ಬರು ಮುಂಗಡ ಕೇಳುತ್ತಿದ್ದಾರೆ. – ವಾಸ್ಕೋ

ಕೊಡಬೇಡ, ಹೋಗಲೂಬೇಡ. ಅದು 3,500 ಮೀಟರ್ ಎತ್ತರದ ಜಾಗ. ಗಾಳಿ ತೆಳು, ಎಂಜಿನ್ ಶಕ್ತಿ ಕಡಿಮೆ, ಬಾಲದ ರೋಟರಿಗೂ ಹಿಡಿತ ಸಾಲದು. ಕಿರಿದಾದ ಕಣಿವೆಗೆ ನಿಮಿಷಗಳಲ್ಲಿ ಮೋಡ ಇಳಿದುಬಿಡುತ್ತದೆ. ಬೆಟ್ಟದಲ್ಲಿ ವರ್ಷಗಟ್ಟಲೆ ಹಾರಿದವರೇ ಅಲ್ಲಿ ಜೀವ ಕಳೆದುಕೊಂಡಿದ್ದಾರೆ. ಮುಂಗಡ ಈಗಾಗಲೇ ಕೊಟ್ಟಿದ್ದರೆ ರಸೀದಿ, ಮೆಸೇಜು ಒಂದನ್ನೂ ಅಳಿಸದೆ ಪೊಲೀಸರಿಗೆ ದೂರು ಕೊಡು. ಮನೆಯಲ್ಲೂ ಇವತ್ತೇ ಹೇಳು.