ಜಾಯ್‌ಸ್ಟಿಕ್ ಜಗಲಿ: ನೀವು ಕೇಳಿದ್ದು, ನಾವು ಹೇಳಿದ್ದು

ವಿಡಿಯೋ ಗೇಮ್ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು: ಕಾಯುವುದು. ಉಳಿದ ಅರ್ಧ ಮನೆಯವರ ಮೇಲಿನ ದೂರು. ಮಧ್ಯೆ ಒಬ್ಬರು ನಾಯಿಯ ಬಗ್ಗೆ ಬರೆದಿದ್ದಾರೆ, ಅವರಿಗೆ ವಿಶೇಷ ಥ್ಯಾಂಕ್ಸ್.

ಪ್ರ: ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) 5 ಬಂದಾಗ ನಾನು ಹೈಸ್ಕೂಲ್‌ನಲ್ಲಿದ್ದೆ. ಈಗ ನನ್ನ ಮಗಳು ನರ್ಸರಿಗೆ ಹೋಗ್ತಾಳೆ. ಜಿಟಿಎ 6 ನಿಜವಾಗ್ಲೂ ಬರುತ್ತಾ, ಇಲ್ಲ ಅವಳ ಹೈಸ್ಕೂಲ್ ತನಕ ಕಾಯಬೇಕಾ?
– ಕಾದು ಕಾದು ಸೊರಗಿದವನು

ಉ: ಲೆಕ್ಕ ಹಾಕೋಣ. ಜಿಟಿಎ 5 ಬಂದಿದ್ದು 2013ರ ಸೆಪ್ಟೆಂಬರ್‌ನಲ್ಲಿ. ಆರರ ಮೊದಲ ಟ್ರೇಲರ್ 2023ರ ಡಿಸೆಂಬರ್‌ನಲ್ಲಿ, ಅದನ್ನೂ ಯಾರೋ ಸೋರಿಸಿಬಿಟ್ಟಿದ್ದಕ್ಕೆ, ಗೇಮ್ ಮಾಡುವ ರಾಕ್‌ಸ್ಟಾರ್ ಕಂಪನಿಯವರು ತಾವು ಹೇಳಿದ್ದ ಹೊತ್ತಿಗಿಂತ ಮುಂಚೆಯೇ ಬಿಡಬೇಕಾಯಿತು. ಗೇಮ್ 2025ಕ್ಕೆ ಅಂದರು. ಆಮೇಲೆ 2026ರ ಮೇ 26 ಅಂದರು. ಆಮೇಲೆ 2026ರ ನವೆಂಬರ್ 19 ಅಂದರು. ಇಷ್ಟರಲ್ಲಿ ಅಭಿಮಾನಿಗಳು ಕಾಯುವುದನ್ನೇ ಒಂದು ಆಟ ಮಾಡಿಕೊಂಡಿದ್ದಾರೆ. ಜಗತ್ತಿನಲ್ಲಿ ಏನೇ ಆದರೂ ಸರಿ, ಕೆಳಗೊಂದು ಕಾಮೆಂಟ್ ಇದ್ದೇ ಇರುತ್ತದೆ: 'ಜಿಟಿಎ 6ಕ್ಕಿಂತ ಮೊದಲು ಇದೂ ಬಂತು'.

ನಿಮಗೆ ಸ್ವಲ್ಪ ಧೈರ್ಯ ಬರಲಿ ಅಂತ ಸಿಲ್ಕ್‌ಸಾಂಗ್ ಕಥೆ ಹೇಳುತ್ತೇನೆ. ಹಾಲೋ ನೈಟ್ ಅನ್ನುವ ಗೇಮ್ 2017ರಲ್ಲಿ ಬಂತು. ಮಾಡಿದ್ದು ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ, ಬೆರಳೆಣಿಕೆಯ ಜನ. ಅದಕ್ಕೊಂದು ಬಾಲಂಗೋಚಿ ಕಂತು ಮಾಡಲು ಹೊರಟರು. ಅದು ಬೆಳೆದು ಬೆಳೆದು ಬೇರೆ ಗೇಮೇ ಆಯಿತು. 2019ರ ಫೆಬ್ರವರಿಯಲ್ಲಿ 'ಸಿಲ್ಕ್‌ಸಾಂಗ್ ಬರುತ್ತಿದೆ' ಅಂದರು, ಆಮೇಲೆ ಹೆಚ್ಚುಕಮ್ಮಿ ಮೌನ. ಯಾವುದೇ ಕಂಪನಿ ಹೊಸ ಗೇಮ್‌ಗಳ ಶೋ ಇಟ್ಟುಕೊಂಡರೂ ಈ ಅಭಿಮಾನಿಗಳು ಹಿಂದಿನ ದಿನವೇ ಹಾಜರ್. ಸಿಲ್ಕ್‌ಸಾಂಗ್ ಬರುವುದಿಲ್ಲ. ತಮ್ಮ ಫೋಟೋಗೆ ತಾವೇ ಜೋಕರ್ ಬಣ್ಣ ಬಳಿದು ಹಾಕುತ್ತಾರೆ. ಮುಂದಿನ ಶೋಗೆ ಮತ್ತೆ ಹಾಜರ್. 'ಇವತ್ತೂ ಸಿಲ್ಕ್‌ಸಾಂಗ್ ಸುದ್ದಿ ಇಲ್ಲ' ಅಂತ ಹೇಳುವುದಕ್ಕೇ ದಿನಾ ಒಂದು ವಿಡಿಯೋ ಹಾಕುವ ಯೂಟ್ಯೂಬ್ ಚಾನೆಲ್ ಇತ್ತು, ಅದನ್ನು ನೋಡುವವರೂ ಇದ್ದರು, ನಾನೂ ಇದ್ದೆ.

ಕೊನೆಗೆ 2025ರ ಆಗಸ್ಟ್ 21ಕ್ಕೆ ದಿನ ಹೇಳಿದರು: ಸೆಪ್ಟೆಂಬರ್ 4. ಎರಡೇ ವಾರ! ಅದೇ ಹೊತ್ತಿಗೆ ತಮ್ಮ ಗೇಮ್ ಬಿಡಬೇಕಿದ್ದ ಎಷ್ಟೋ ಸಣ್ಣ ತಂಡಗಳು 'ನಾವು ಆಮೇಲೆ ಬರ್ತೀವಿ' ಅಂತ ಪಕ್ಕಕ್ಕೆ ಸರಿದವು. ಆ ದಿನ ಎಲ್ಲರೂ ಒಟ್ಟಿಗೆ ನುಗ್ಗಿದ ಏಟಿಗೆ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳು ಒಂದಾದ ಮೇಲೊಂದು ಮಲಗಿದವು. ಆ ಅಂಗಡಿಗಳಲ್ಲಿ ಸ್ಟೀಮ್ ಅನ್ನುವ ಒಂದರಲ್ಲೇ ಒಂದೇ ಹೊತ್ತಿಗೆ 5 ಲಕ್ಷಕ್ಕೂ ಜಾಸ್ತಿ ಜನ ಆಡಿದರು. ಇನ್ನು ಮಜಾ ಕೇಳಿ. ಆರೂವರೆ ವರ್ಷ ಕಾದ ಜನ ಎರಡೇ ದಿನದಲ್ಲಿ 'ಅಯ್ಯೋ, ಇದು ಸಿಕ್ಕಾಪಟ್ಟೆ ಕಷ್ಟ' ಅಂತ ಬೊಬ್ಬೆ ಹಾಕಿದರು. ಮೊದಮೊದಲ ಕೆಲವು ಬಾಸ್‌ಗಳನ್ನು, ಅಂದರೆ ದೊಡ್ಡ ಶತ್ರುಗಳನ್ನು, ತಂಡದವರು ಕೊಂಚ ಮೆತ್ತಗೆ ಮಾಡಿದರು. ಆಗ ಇನ್ನೊಂದು ಗುಂಪು ಎದ್ದು, ಯಾಕೆ ಮೆತ್ತಗೆ ಮಾಡಿದಿರಿ ಅಂತ ಜಗಳಕ್ಕೆ ನಿಂತಿತು.

ಹಾಗಾಗಿ ಕಾಯುವ ಸುಖವನ್ನು ಈಗಲೇ ಅನುಭವಿಸಿಬಿಡಿ. ಗೇಮ್ ಬಂದ ಮೇಲೆ ಜಗಳ ಶುರು.

ಪ್ರ: ನಮ್ಮನೆ ಕಂಪ್ಯೂಟರ್ ತುಂಬಾ ಹಳೇದು. ಯಾವ ಹೊಸ ಗೇಮ್ ಹಾಕಿದ್ರೂ ಫ್ಯಾನ್ ಗುಂಯ್ ಅಂತ ಕೂಗಿ ಆಫ್ ಆಗುತ್ತೆ. ಖಂಡಿತ ಓಡೋ ಗೇಮ್ ಒಂದು ಹೇಳಿ.
– ಫ್ಯಾನ್ ಸದ್ದಿನ ಅಭಿಮಾನಿ

ಉ: ಡೂಮ್. ಕಣ್ಣು ಮುಚ್ಚಿ ಹೇಳುತ್ತೇನೆ, ಡೂಮ್.

1993ರ ಡಿಸೆಂಬರ್‌ನಲ್ಲಿ ಬಂದ, ರಾಕ್ಷಸರಿಗೆ ಗುಂಡು ಹೊಡೆಯುವ ಗೇಮ್ ಇದು. ಬರೆದವರು ನೆಕ್ಸ್ಟ್ ಅನ್ನುವ ಬೇರೆಯದೇ ಕಂಪ್ಯೂಟರ್‌ನಲ್ಲಿ ಕೂತು ಬರೆದರು, ಓಡಬೇಕಿದ್ದದ್ದು ಡಾಸ್ ಅನ್ನುವ ಹಳೇ ಆಪರೇಟಿಂಗ್ ಸಿಸ್ಟಮ್ ಇದ್ದ ಮಾಮೂಲಿ ಪಿಸಿಯಲ್ಲಿ. ಹಾಗಾಗಿ ಗೇಮ್‌ನ ಹೂರಣವೇ ಬೇರೆ, ಯಂತ್ರಕ್ಕೆ ತಕ್ಕಂತೆ ಬದಲಾಗುವ ಭಾಗವೇ ಬೇರೆ ಅಂತ ಮೊದಲಿಂದಲೂ ವಿಂಗಡಣೆ ಇತ್ತು. 1997ರಲ್ಲಿ ಅದರ ಸೋರ್ಸ್ ಕೋಡನ್ನು, ಅಂದರೆ ಗೇಮ್ ಬರೆದ ಮೂಲ ಪ್ರೋಗ್ರಾಮನ್ನು, ಊರಿಗೆಲ್ಲ ಬಿಟ್ಟರು. ಅಷ್ಟೇ ಸಾಕಾಯಿತು. ಚಿಕ್ಕದೊಂದು ಸ್ಕ್ರೀನ್, ಒಂದು ಚಿಪ್ ಕಂಡರೆ ಸಾಕು, ಯಾರೋ ಒಬ್ಬರು ಅದರೊಳಗೆ ಡೂಮ್ ತುರುಕಿರುತ್ತಾರೆ. ಕ್ಯಾಲ್ಕುಲೇಟರ್, ಪ್ರಿಂಟರ್, ಕ್ಯಾಮೆರಾ ಎಲ್ಲ ಹಳೇ ಸುದ್ದಿ. 2022ರಲ್ಲಿ ಒಬ್ಬರು ಟ್ರ್ಯಾಕ್ಟರ್‌ನ ಡಿಸ್‌ಪ್ಲೇನಲ್ಲಿ ಓಡಿಸಿದರು. 2020ರಲ್ಲಿ ಗರ್ಭಪರೀಕ್ಷೆಯ ಕಡ್ಡಿಯ ಮೇಲೆ ಡೂಮ್ ಓಡಿತು ಅಂತ ದೊಡ್ಡ ಸುದ್ದಿಯಾಯಿತಲ್ಲ, ಅದರಲ್ಲಿ ಸ್ವಲ್ಪ ಮೋಸವಿದೆ. ಒಳಗಿನ ಚಿಪ್ಪೂ ಸ್ಕ್ರೀನೂ ಎರಡನ್ನೂ ಕಿತ್ತು ಬೇರೆ ಹಾಕಿದ್ದರು, ಉಳಿದದ್ದು ಮೇಲಿನ ಪ್ಲಾಸ್ಟಿಕ್ ಮಾತ್ರ. ಮಾಡಿದವರೇ ಅದನ್ನು ಒಪ್ಪಿಕೊಂಡಿದ್ದರು, ಆದರೆ ಫಾರ್ವರ್ಡ್ ಮಾಡುವವರಿಗೆ ಅಷ್ಟೆಲ್ಲ ಓದುವ ಪುರುಸೊತ್ತು ಎಲ್ಲಿದೆ? 2025ರಲ್ಲಿ ಶಾಲೆಗೆ ಹೋಗುವ ಒಬ್ಬ ಹುಡುಗ ಡೂಮನ್ನು ಪಿಡಿಎಫ್ ಫೈಲ್ ಒಳಗೆ ಕೂರಿಸಿದ. ಚಿತ್ರಗಳೆಲ್ಲ ಅಕ್ಷರ, ಚುಕ್ಕಿಗಳಲ್ಲೇ ಮೂಡುತ್ತವೆ. ರಾಕ್ಷಸ ಬಂದರೆ ಟೈಪಿಂಗ್ ತಪ್ಪಾಗಿದೆಯೇನೋ ಅನ್ನಿಸುತ್ತದೆ.

ಎಲ್ಲಕ್ಕಿಂತ ಅತಿರೇಕ ಅಂದರೆ ಬ್ಯಾಕ್ಟೀರಿಯಾ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರು, ಹೊಳೆಯುವ ಇ. ಕೋಲಿ ಜೀವಕೋಶಗಳನ್ನೇ ಪಿಕ್ಸೆಲ್ (ಸ್ಕ್ರೀನಿನ ಚುಕ್ಕಿ) ಮಾಡಿಕೊಂಡರೆ ಡೂಮ್ ತೋರಿಸಬಹುದಾ ಅಂತ ಲೆಕ್ಕ ಹಾಕಿದರು. ಕಂಪ್ಯೂಟರ್‌ನಲ್ಲಿ ಮಾಡಿದ ಅಂದಾಜು ಇದು. ತೋರಿಸಬಹುದಂತೆ. ಒಂದೇ ಒಂದು ಫ್ರೇಮ್, ಅಂದರೆ ಒಂದು ಚಿತ್ರ, ಮೂಡಿ ಆರಲು ಎಂಟು ಗಂಟೆಗೂ ಜಾಸ್ತಿ ಬೇಕಂತೆ, ಪೂರ್ತಿ ಗೇಮ್ ಮುಗಿಯಲು ಸುಮಾರು 600 ವರ್ಷವಂತೆ. ನಿಮ್ಮ ಕಂಪ್ಯೂಟರ್ ಅದಕ್ಕಿಂತ ವೇಗವಾಗಿಯೇ ಇರುತ್ತದೆ, ಚಿಂತೆ ಬೇಡ.

ಪ್ರ: ಸೇಲ್‌ನಲ್ಲಿ ಅಂತ ಕೊಂಡ ಗೇಮ್ 140 ಇವೆ. ಆಡಿದ್ದು ಆರು. ಏನ್ ಮಾಡ್ಲಿ?
– ಗೇಮ್ ಗೋಡೌನ್

ಉ: ಏಳನೆಯದು ಶುರು ಮಾಡುತ್ತೇನೆ ಅಂತ ಕೂತು, ಮತ್ತೆ ಮೊದಲಿನ ಆರರಲ್ಲೇ ಒಂದನ್ನು ಆಡಿ. ಎಲ್ಲರೂ ಮಾಡುವುದು ಅದನ್ನೇ.

ಪ್ರ: ಸರ್, ನನ್ನ ಮಗ ಗೇಮ್ ಆಡೋದಿಲ್ಲ, ಬೇರೆಯವರು ಆಡೋದನ್ನ ಗಂಟೆಗಟ್ಟಲೆ ನೋಡ್ತಾನೆ. ತಾನೇ ಆಡಿದ್ರೆ ಒಂದು ಅರ್ಥ. ಸುಮ್ನೆ ನೋಡೋದ್ರಲ್ಲಿ ಏನಿದೆ?
– ಒಬ್ಬ ತಾಯಿ

ಉ: ಅಮ್ಮಾ, 'ನೀವು ಕ್ರಿಕೆಟ್ ನೋಡಲ್ವಾ' ಅನ್ನುವ ವಾದವನ್ನು ಅವನು ಈಗಾಗಲೇ ಮಂಡಿಸಿರುತ್ತಾನೆ, ನೀವು ಅದಕ್ಕೆ ಉತ್ತರವನ್ನೂ ಕೊಟ್ಟಿರುತ್ತೀರಿ. ಅದನ್ನು ಬಿಡೋಣ.

2014ರ ಫೆಬ್ರವರಿಯಲ್ಲಿ, ಗೇಮ್ ಆಡುವುದನ್ನು ಲೈವ್ ತೋರಿಸುವ ಟ್ವಿಚ್ ಅನ್ನುವ ಸೈಟ್‌ನಲ್ಲಿ ಒಂದು ವಿಚಿತ್ರ ನಡೆಯಿತು. ಪೋಕೆಮಾನ್ ರೆಡ್ ಗೇಮ್ ಓಡುತ್ತಿರುತ್ತದೆ, ಕಂಟ್ರೋಲರ್ ಯಾರ ಕೈಯಲ್ಲೂ ಇಲ್ಲ. ನೋಡುವವರು ಚಾಟ್‌ನಲ್ಲಿ 'ಮೇಲೆ', 'ಕೆಳಗೆ', 'ಎ', 'ಬಿ' ಅಂತ ಟೈಪ್ ಮಾಡಿದರೆ ಗೇಮ್ ಅದನ್ನೇ ಮಾಡುತ್ತದೆ. ಸಾವಿರಾರು ಜನ ಒಟ್ಟಿಗೆ ಟೈಪ್ ಮಾಡಿದರೆ ಏನಾಗುತ್ತೆ ಊಹಿಸಿ. ನಾಯಕ ಗೋಡೆಗೆ ಡಿಕ್ಕಿ ಹೊಡೆಯುತ್ತಾನೆ, ನಿಂತಲ್ಲೇ ಗಿರಗಿರ ತಿರುಗುತ್ತಾನೆ, ಸುಮ್ನೆ ದಾಟಿ ಹೋಗಬಹುದಾದ ಒಂದು ಅಂಚಿನ ಹತ್ತಿರ ಗಂಟೆಗಟ್ಟಲೆ ಸಿಕ್ಕಿಕೊಂಡು ಒದ್ದಾಡುತ್ತಾನೆ. ಗಲಾಟೆಯಲ್ಲಿ ಅವನ ಚೀಲ ಪದೇ ಪದೇ ತೆರೆದುಕೊಳ್ಳುತ್ತಿತ್ತು, ಒಳಗಿದ್ದ ಹೀಲಿಕ್ಸ್ ಫಾಸಿಲ್ ಅನ್ನುವ ಕಲ್ಲೊಂದನ್ನು ಬಳಸಲು ಹೋಗಿ, 'ಈಗ ಆಗುವುದಿಲ್ಲ' ಅಂತ ಗೇಮ್ ಹೇಳುತ್ತಿತ್ತು. ಯುದ್ಧದ ನಡುವೆಯೂ ಚೀಲ, ಕಲ್ಲು, ಆಗುವುದಿಲ್ಲ. ಜನ ಏನಂದರು ಗೊತ್ತಾ? ಇವನು ಕಷ್ಟ ಬಂದಾಗಲೆಲ್ಲ ಆ ಕಲ್ಲಿನ ಹತ್ತಿರ ಸಲಹೆ ಕೇಳುತ್ತಿದ್ದಾನೆ, ಅದು ದೇವರೇ ಇರಬೇಕು! ಆ ಕಲ್ಲಿಗೆ ಸ್ತೋತ್ರ ಬರೆದರು, ಚಿತ್ರ ಬಿಡಿಸಿದರು. 11 ಲಕ್ಷಕ್ಕೂ ಹೆಚ್ಚು ಜನ ಕೈ ಹಾಕಿದ ಆ ಆಟ ಮಾರ್ಚ್ 1ಕ್ಕೆ, 16 ದಿನಕ್ಕೆ, ಗೆದ್ದೂ ಬಿಟ್ಟಿತು.

ನಿಮ್ಮ ಮಗ ನೋಡುತ್ತಿರುವುದು ಬರೀ ಗೇಮ್ ಅಲ್ಲ, ಪಕ್ಕದಲ್ಲಿ ಕೂತವರ ಹರಟೆ. ಒಂದು ಸಲ ಜೊತೆಗೆ ಕೂತು 'ಈಗ ಏನಾಯ್ತು?' ಅಂತ ಕೇಳಿ ನೋಡಿ. ಅವನು ವಿವರಿಸುವುದನ್ನು ನಿಲ್ಲಿಸುವುದಿಲ್ಲ, ಆ ಕಷ್ಟಕ್ಕೆ ನಾನು ಜವಾಬ್ದಾರನಲ್ಲ.

ಪ್ರ: ಗೇಮ್‌ನಲ್ಲಿ ನಾಯಿ ಕಂಡ್ರೆ ಸಾಕು, ಕಥೆ ಹಾಳಾಗಿ ಹೋಗ್ಲಿ ಅಂತ ಮೊದಲು ಅದರ ತಲೆ ಸವರೋಕೆ ಆಗುತ್ತಾ ನೋಡ್ತೀನಿ. ನಾನೊಬ್ಬಳೇನಾ ಹೀಗೆ?
– ಬಾಲದ ಬಳಗ

ಉ: ಖಂಡಿತ ಅಲ್ಲ. ಯಾವ ಗೇಮ್‌ನಲ್ಲಿ ನಾಯಿಯನ್ನು ಸವರಬಹುದು, ಯಾವುದರಲ್ಲಿ ಆಗುವುದಿಲ್ಲ ಅಂತ ಹೇಳುವುದಕ್ಕೇ 2019ರಲ್ಲಿ ಒಂದು ಟ್ವಿಟರ್ ಖಾತೆ ಶುರುವಾಯಿತು. ಬೇರೆ ಯಾವ ವಿಮರ್ಶೆಯೂ ಇಲ್ಲ, ಅದೊಂದೇ ಪ್ರಶ್ನೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾಯಿಯೇ ಗೇಮ್ ಆಡಿದ್ದು ಗೊತ್ತಾ? ಗೇಮ್ಸ್ ಡನ್ ಕ್ವಿಕ್ ಅಂತ ಒಂದು ಮೇಳ ಇದೆ. ಗೇಮ್‌ಗಳನ್ನು ಶರವೇಗದಲ್ಲಿ ಮುಗಿಸುವವರು ವಾರವಿಡೀ ಹಗಲು ರಾತ್ರಿ ಆಡಿ, ಸಹಾಯಾರ್ಥ ಹಣ ಕೂಡಿಸುತ್ತಾರೆ. 2024ರ ಜನವರಿಯಲ್ಲಿ ಅಲ್ಲಿ ಪೀನಟ್ ಬಟರ್ ಅನ್ನುವ ಶೀಬಾ ಇನು ನಾಯಿ ಜೈರೋಮೈಟ್ ಆಡಿ ಮುಗಿಸಿತು. 1985ರ ಆ ಗೇಮ್ ಮಾಡಿದ್ದೇ ಒಂದು ಆಟಿಕೆ ರೋಬೋಟ್ ಬಟನ್ ಒತ್ತಲಿ ಅಂತ. ರೋಬೋಟ್ ಜಾಗದಲ್ಲಿ ನಾಯಿ ಕೂತಿತು, ಅಷ್ಟೇ. ಪಂಜಕ್ಕೆ ಸರಿಹೋಗುವ ದೊಡ್ಡ ಬಟನ್‌ಗಳು, ಒಡೆಯ ಹೇಳಿದಾಗ ಒತ್ತುವುದು, ಸರಿಯಾಗಿ ಒತ್ತಿದರೆ ಬಾಯಿಗೊಂದು ತಿಂಡಿ. ಬಾಸ್ ಗೆದ್ದಾಗ ನಮಗೂ ಯಾರಾದರೂ ಹಾಗೆ ಬಾಯಿಗೆ ಹಾಕಿದ್ದರೆ ನಮ್ಮ ಆಟವೂ ಸುಧಾರಿಸುತ್ತಿತ್ತೇನೋ.

ಪ್ರ: ಸೆಲೆಸ್ಟ್ ಅನ್ನೋ ಹಾರೋ ಗೇಮ್ ಆಡ್ತಿದ್ದೀನಿ. ಎಷ್ಟೋ ಸಲ ಅಂಚು ದಾಟಿ ಕಾಲು ಗಾಳಿಯಲ್ಲಿದ್ದಾಗ ಜಂಪ್ ಒತ್ತಿದ್ರೂ ಹಾರುತ್ತೆ. ಇದು ಬಗ್ ಅಲ್ವಾ? ನನ್ನ ಗೆಲುವು ಲೆಕ್ಕಕ್ಕಿದೆಯಾ?
– ಪ್ರಾಮಾಣಿಕ

ಉ: ಬಗ್ ಅಲ್ಲ, ಕರುಣೆ. ಇದಕ್ಕೆ 'ಕೊಯೋಟಿ ಟೈಮ್' ಅಂತ ಹೆಸರು. ಕಾರ್ಟೂನ್‌ನಲ್ಲಿ ತೋಳದಂಥ ಆ ಪ್ರಾಣಿ ಬೆಟ್ಟದ ಅಂಚು ದಾಟಿ ಗಾಳಿಯಲ್ಲೇ ಓಡುತ್ತದೆ, ಕೆಳಗೆ ನೋಡಿದ ಮೇಲೆ ತಾನೇ ಬೀಳೋದು? ಅದೇ ಲೆಕ್ಕ. ಸೆಲೆಸ್ಟ್‌ನಲ್ಲಿ ಅಂಚು ದಾಟಿದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗ ನೀವಿನ್ನೂ ನೆಲದ ಮೇಲೇ ಇದ್ದೀರಿ ಅಂತ ಗೇಮ್ ನಟಿಸುತ್ತದೆ. ಇಳಿಯುವ ಒಂದು ಕ್ಷಣ ಮೊದಲೇ ಜಂಪ್ ಒತ್ತಿದರೆ ಅದನ್ನು ನೆನಪಿಟ್ಟುಕೊಂಡು ಕಾಲು ತಾಗಿದ ಕೂಡಲೇ ಹಾರಿಸುತ್ತದೆ. ತಲೆ ಮೂಲೆಗೆ ಒಂಚೂರು ತಗುಲಿದರೆ ಮೆಲ್ಲಗೆ ಪಕ್ಕಕ್ಕೆ ತಳ್ಳಿ ದಾರಿ ಬಿಡುತ್ತದೆ.

ಯಾಕೆ ಅಂದರೆ, ನಮ್ಮ ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ತಡವಾಗಿರುತ್ತದೆ. 'ನಾನು ಸರಿಯಾಗೇ ಒತ್ತಿದೆ' ಅಂತ ನಮಗೆ ಗ್ಯಾರಂಟಿ, ಕಂಪ್ಯೂಟರ್‌ಗೆ ಮಾತ್ರ ಅದು ತಪ್ಪು. ಲೆಕ್ಕ ಕಟ್ಟುನಿಟ್ಟಾಗಿ ಇಟ್ಟರೆ ಆಡುವವರು ಕಂಟ್ರೋಲರ್ ಎಸೆಯುತ್ತಾರೆ. ಇಂಥ ಕರುಣೆ ಬೇರೆ ಗೇಮ್‌ಗಳಲ್ಲೂ ಇದೆ: ಬಯೋಶಾಕ್ ಅನ್ನುವ ಗುಂಡಿನ ಗೇಮ್‌ನಲ್ಲಿ ಶತ್ರುವಿನ ಮೊದಲ ಗುಂಡು ಬೇಕಂತಲೇ ಗುರಿ ತಪ್ಪುತ್ತದೆ, ನಿಮಗೆ ತಿರುಗಿ ನೋಡಲು ಅವಕಾಶ ಸಿಗಲಿ ಅಂತ. ನಿಮ್ಮ ಗೆಲುವು ಪೂರ್ತಿ ಲೆಕ್ಕಕ್ಕಿದೆ. ಇದನ್ನು ಓದಿದ ಮೇಲೆ ಆ ಹತ್ತನೇ ಒಂದು ಸೆಕೆಂಡನ್ನು ನಂಬಿಕೊಂಡು ಆಡಲು ಹೋಗಬೇಡಿ. ನಾನು ಹೋಗಿ ಬಿದ್ದಿದ್ದೇನೆ, ಎಣಿಸಿಲ್ಲ.

ಪ್ರ: ನಮ್ಮಣ್ಣ ಚೀಟ್ ಕೋಡ್ ಹಾಕಿ ಗೆದ್ದು ಬೀಗ್ತಾನೆ. ಅದು ತಪ್ಪು ಅಂತ ಬರೀರಿ, ಅವನಿಗೆ ತೋರಿಸ್ತೀನಿ.
– ಆರನೇ ಕ್ಲಾಸ್

ಉ: ಪುಟ್ಟಾ, ಇಲ್ಲಿ ನಾನು ನಿನ್ನ ಕಡೆ ಪೂರ್ತಿ ನಿಲ್ಲಲಾರೆ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಈ ಫೇಮಸ್ ಕೋಡ್ ಹುಟ್ಟಿದ್ದೇ, 1986ರಲ್ಲಿ ಗ್ರೇಡಿಯಸ್ ಅನ್ನುವ ವಿಮಾನದ ಗೇಮನ್ನು ಮನೆ ಕನ್ಸೋಲ್‌ಗೆ ಹೊಂದಿಸುತ್ತಿದ್ದ ಕಜುಹಿಸಾ ಹಶಿಮೊಟೊ ಅವರಿಗೇ ಆ ಗೇಮ್ ಕಷ್ಟವಾದದ್ದಕ್ಕೆ. ಪರೀಕ್ಷೆ ಮಾಡಿ ನೋಡಲು ತಮಗೊಂದು ಕಳ್ಳದಾರಿ ಮಾಡಿಕೊಂಡರು, ಅದು ಹಾಗೇ ಗೇಮ್‌ನಲ್ಲಿ ಉಳಿದುಬಿಟ್ಟಿತು. ಅಣ್ಣನಿಗೆ ಪಾಠ ಕಲಿಸಬೇಕಾ? ಸೂಪರ್ ನಿಂಟೆಂಡೋ ಕನ್ಸೋಲ್‌ನ ಗ್ರೇಡಿಯಸ್ 3 ಕೊಡು. ಅಲ್ಲಿ ಇದೇ ಹಳೇ ಕೋಡ್ ಒತ್ತಿದರೆ ಎಲ್ಲ ಶಕ್ತಿಯೂ ಬಂದು, ಆಮೇಲೆ ಅವನ ವಿಮಾನವೇ ಢಂ ಅನ್ನುತ್ತದೆ.

ಪ್ರ: ನನಗೆ ಅರವತ್ತು ದಾಟಿದೆ. ಟೆಟ್ರಿಸ್ ಬಿಟ್ಟರೆ ಬೇರೆ ಗೇಮ್ ಗೊತ್ತಿಲ್ಲ. ಇದಕ್ಕೆ ಕೊನೆ ಅಂತ ಇದೆಯೇ?
– ಇಟ್ಟಿಗೆ ಪ್ರೇಮಿ

ಉ: ಇದೆ ಸರ್, ಆದರೆ ನೋಡಿದವರು ತೀರಾ ಕಮ್ಮಿ. 1989ರ ನಿಂಟೆಂಡೋ ಟೆಟ್ರಿಸ್‌ನಲ್ಲಿ 29ನೇ ಲೆವೆಲ್ ಮುಟ್ಟಿದರೆ ಇಟ್ಟಿಗೆ ಎಷ್ಟು ಜೋರಾಗಿ ಬೀಳುತ್ತದೆ ಅಂದರೆ, ಬಟನ್ ಒತ್ತಿ ಹಿಡಿದರೂ ಅದು ಗೋಡೆಯ ತನಕ ಸರಿಯುವುದಿಲ್ಲ. ಅಲ್ಲಿಗೆ ಆಟ ಮುಗಿಯಿತು ಅಂತಲೇ ವರ್ಷಗಟ್ಟಲೆ ನಂಬಿದ್ದರು. ಆಮೇಲೆ ಹುಡುಗರು ಒಂದು ಉಪಾಯ ಹುಡುಕಿದರು: ಹೆಬ್ಬೆರಳನ್ನು ಬಟನ್ ಮೇಲೆ ಸುಮ್ನೆ ಇಟ್ಟು, ಉಳಿದ ಬೆರಳುಗಳಿಂದ ಕಂಟ್ರೋಲರ್‌ನ ಬೆನ್ನಿನ ಮೇಲೆ ತಬಲಾ ಬಾರಿಸಿದಂತೆ ಒಂದಾದ ಮೇಲೊಂದು ತಟ್ಟುವುದು. 29ರ ನಂತರ ವೇಗ ಹೆಚ್ಚುವುದಿಲ್ಲವಲ್ಲ, ಹಾಗಾಗಿ ಇದು ಕೈಗೆ ಹತ್ತಿದರೆ ಮುಂದಕ್ಕೆ ಹೋಗುತ್ತಲೇ ಇರಬಹುದು. 138 ದಾಟಿದರೆ ಬಣ್ಣಗಳೇ ಎಡವಟ್ಟಾಗುತ್ತವೆ, ಕೆಲವು ಲೆವೆಲ್‌ಗಳಲ್ಲಿ ಇಟ್ಟಿಗೆ ಕಪ್ಪಿನ ಮೇಲೆ ಕಪ್ಪು. 2023ರ ಡಿಸೆಂಬರ್ 21ರಂದು ಅಮೆರಿಕದ 13 ವರ್ಷದ ಹುಡುಗನೊಬ್ಬ ಎಲ್ಲ ದಾಟಿ 157ನೇ ಲೆವೆಲ್‌ಗೆ ಹೋದ. ಅಂಕ ಕೂಡಿಸಲಾರದೆ ಗೇಮ್ ನಿಂತೇ ಹೋಯಿತು. ಮನುಷ್ಯರ ಮುಂದೆ ಟೆಟ್ರಿಸ್ ಹಾಗೆ ಕೈಚೆಲ್ಲಿದ್ದು ಅದೇ ಮೊದಲು. ನಿಮ್ಮದು ಎಷ್ಟನೇ ಲೆವೆಲ್ ಅಂತ ಬರೆಯಲೇ ಇಲ್ಲ?

ಪ್ರ: ಕಾರ್ ರೇಸ್ ಆಡುವಾಗ ತಿರುವು ಬಂದ್ರೆ ಕಂಟ್ರೋಲರ್ ಜೊತೆ ನಾನೂ ಪೂರ್ತಿ ವಾಲ್ತೀನಿ. ಮನೆಯವರು ನಗ್ತಾರೆ. ಇದರಿಂದ ಏನಾದ್ರೂ ಪ್ರಯೋಜನ ಇದೆಯಾ?
– ವಾಲುವವಳು

ಉ: ಇಲ್ಲ. ಆದರೆ ವಾಲದೇ ಇದ್ದರೂ ಕಾರು ತಿರುಗುತ್ತದೆ ಅಂತ ಬರೆದುಕೊಡಲು ನಾನು ತಯಾರಿಲ್ಲ.