ಮನೆಯಿಲ್ಲದ ಮಕ್ಕಳ ಕಾದಂಬರಿಗಳಲ್ಲಿ ಮಗಳಿಗೆ ಯಾವುದನ್ನು ಕೊಡಲಿ?

ಹದಿಮೂರರ ಮಗಳು ಮನೆಯಿಲ್ಲದ ಮಕ್ಕಳ, ಫಾಸ್ಟರ್ ಕೇರ್‌ನಲ್ಲಿ (ಹೆತ್ತವರ ಬಳಿ ಇರಲಾಗದ ಮಗುವನ್ನು ಸ್ವಲ್ಪ ಕಾಲ ಬೇರೊಂದು ಮನೆಯವರು ಸಾಕುವ ವ್ಯವಸ್ಥೆಯಲ್ಲಿ) ಬೆಳೆಯುವ ಮಕ್ಕಳ ಕಾದಂಬರಿ ಕೇಳುತ್ತಿದ್ದಾಳೆ, ತೀರಾ ದುಃಖದ್ದಾಗದಂತೆ ಹೇಗೆ ಆರಿಸಲಿ ಎಂದು ಕೇಳಿದ್ದೀರಿ. ದುಃಖ ಎಷ್ಟಿದೆ ಎಂದು ಅಳೆಯಲು ಹೋಗಬೇಡಿ ಎಂಬುದು ನನ್ನ ಸಲಹೆ. ಕಥೆಯ ಮಗು ತನ್ನ ದಾರಿಯನ್ನು ತಾನೇ ಹುಡುಕುತ್ತದೆಯೋ, ಯಾರೋ ದಯಾಳು ಬಂದು ಕೈಹಿಡಿಯುವವರೆಗೆ ಅಳುತ್ತ ಕೂತಿರುತ್ತದೆಯೋ ಎಂಬುದನ್ನಷ್ಟೇ ನೋಡಿ.

ಸಿಂಥಿಯಾ ವಾಯ್ಟ್ ಅವರ ‘ಹೋಮ್‌ಕಮಿಂಗ್’ (1981) ಮೊದಲ ಬಗೆಯದು. ಅಮೆರಿಕದ ಒಂದು ಶಾಪಿಂಗ್ ಮಾಲ್‌ನ ಬಳಿ ನಾಲ್ವರು ಮಕ್ಕಳನ್ನು ಕಾರಿನಲ್ಲೇ ಕೂರಿಸಿ ಹೋದ ತಾಯಿ ಹಿಂತಿರುಗುವುದಿಲ್ಲ. ಹಿರಿಯಳಾದ ಡೈಸಿಗೆ ನಿಮ್ಮ ಮಗಳದೇ ವಯಸ್ಸು. ಪೊಲೀಸರಿಗೆ ಹೇಳಿದರೆ ನಾಲ್ವರನ್ನೂ ಬೇರೆ ಬೇರೆ ಮನೆಗಳಿಗೆ ಹಂಚಿಬಿಟ್ಟಾರೆಂಬ ಭಯಕ್ಕೆ ಅವಳು ಒಡಹುಟ್ಟಿದವರನ್ನು ಕರೆದುಕೊಂಡು ಬಂಧುಗಳ ಊರಿನತ್ತ ನಡೆದೇ ಹೊರಡುತ್ತಾಳೆ. ಇಂದು ರಾತ್ರಿ ಎಲ್ಲಿ ಮಲಗುವುದು, ಉಳಿದ ಚಿಲ್ಲರೆಯಲ್ಲಿ ಏನು ತಿನ್ನುವುದು ಎಂಬ ಲೆಕ್ಕವೇ ಕಥೆಯನ್ನು ಮುಂದಕ್ಕೆ ಎಳೆಯುತ್ತದೆ, ಕಣ್ಣೀರಿಗೆ ಅಲ್ಲಿ ಬಿಡುವೇ ಕಡಿಮೆ.

ಫಾಸ್ಟರ್ ಕೇರ್‌ಗೆ ಬಂದರೆ ಕ್ಯಾಥರೀನ್ ಪ್ಯಾಟರ್ಸನ್ ಅವರ ‘ದಿ ಗ್ರೇಟ್ ಗಿಲ್ಲಿ ಹಾಪ್ಕಿನ್ಸ್’ (1978) ಕೊಡಿ. ಹನ್ನೊಂದರ ಗಿಲ್ಲಿಯನ್ನು ಮತ್ತೊಂದು ಹೊಸ ಮನೆಗೆ ಒಯ್ಯುವ ಕಾರಿನಲ್ಲಿ ಕಥೆ ಶುರುವಾಗುತ್ತದೆ. ಅವಳು ಬಬಲ್‌ಗಮ್ ಊದುತ್ತಾಳೆ, ಗುಳ್ಳೆ ಒಡೆದು ಮುಖಕ್ಕೂ ಕೂದಲಿಗೂ ಅಂಟುತ್ತದೆ. ಕರುಣೆ ತೋರುವವರನ್ನು ಕೆಣಕಿ ದೂರವಿಡುವುದೇ ಅವಳ ಕಾವಲು. ಒಂದು ಎಚ್ಚರಿಕೆಯೂ ಇದೆ, ಕರಿಯ ಜನಾಂಗದವರ ಬಗ್ಗೆ ಗಿಲ್ಲಿಯ ಆರಂಭದ ಮಾತುಗಳು ಅಸಹ್ಯವಾಗಿವೆ. ಆ ಪುಟಗಳನ್ನು ಓದುವಾಗ ಮಗಳ ಜೊತೆ ನೀವೂ ಇದ್ದರೆ ಒಳ್ಳೆಯದು. (ಮುಂದಿನದರಲ್ಲಿ ಅಂತ್ಯದ ಗುಟ್ಟಿದೆ, ಬೇಡವೆನಿಸಿದರೆ ಇಲ್ಲಿಗೇ ನಿಲ್ಲಿಸಿ.)

ಸಾಕುತಾಯಿ ಟ್ರಾಟರ್‌ಳ ಹೊಸ ಮನೆಯ ಮೇಲೆ ಚಾಡಿ ಹೇಳಿ ತಾಯಿಗೆ ತಾನೇ ಬರೆದ ಪತ್ರದಿಂದಾಗಿ, ಆ ಮನೆಯನ್ನು ಪ್ರೀತಿಸತೊಡಗಿದ ಹೊತ್ತಿಗೆ ಗಿಲ್ಲಿ ಅಜ್ಜಿಯ ಬಳಿಗೆ ಹೊರಡಬೇಕಾಗುತ್ತದೆ. ನನ್ನ ಅಕ್ಕನ ಮಗಳು ಅದನ್ನು ಓದಿ ಮುಗಿಸಿ ಪುಸ್ತಕವನ್ನು ಮಂಚದ ಮೇಲೆ ಎಸೆದು, ‘ಟ್ರಾಟರ್ ಇವಳನ್ನು ಯಾಕೆ ಇಟ್ಟುಕೊಳ್ಳಲಿಲ್ಲ?’ ಎಂದು ಕೇಳಿದ್ದಳು. ದತ್ತು ಪಡೆದವರಿಗೆ ಹೆತ್ತವರ ಹಕ್ಕೇ ಬರುತ್ತದೆ, ಆದರೆ ಟ್ರಾಟರ್‌ನಂಥ ಸಾಕುತಾಯಿಗೆ ಮಗುವನ್ನು ಒಪ್ಪಿಸುವುದು ಸ್ವಲ್ಪ ಕಾಲಕ್ಕೆ ಮಾತ್ರ, ಬಂಧುಗಳು ಬಂದರೆ ಬಿಟ್ಟುಕೊಡಬೇಕಾಗುತ್ತದೆ ಎಂದು ನಾನು ವಿವರಿಸಿದೆ. ಅವಳು ಒಪ್ಪಲಿಲ್ಲ, ಮರುದಿನವೂ ಅದೇ ವಾದ ನಡೆಯಿತು.