ಕೆಟ್ಟ ಎಲೆಕ್ಟ್ರಿಕ್ ಟೂತ್‌ಬ್ರಷ್: ಬ್ಯಾಟರಿ ಬಿಚ್ಚಿ ಕೊಡಬೇಕಾ, ಹಾಗೇ ಕೊಡಬಹುದಾ?

ಎರಡು ಹಳೆಯ ಎಲೆಕ್ಟ್ರಿಕ್ ಟೂತ್‌ಬ್ರಷ್ ಇವೆ, ಒಳಗಿನ ಬ್ಯಾಟರಿ ತೆಗೆದು ರೀಸೈಕ್ಲಿಂಗ್‌ಗೆ ಕೊಡುವುದು ಹೇಗೆ, ಬೆಂಗಳೂರಲ್ಲಿ ಎಲ್ಲಿ ಕೊಡಬೇಕು ಅಂತ ಕೇಳಿದ್ದೀರಿ. ದಯವಿಟ್ಟು ಬಿಚ್ಚಬೇಡಿ. ಬ್ರಷ್ಷನ್ನು ಇಡಿಯಾಗಿ ಇ-ತ್ಯಾಜ್ಯಕ್ಕೆ ಕೊಡಿ.

ಕೆಲವು ಕಂಪನಿಗಳ ಕೈಪಿಡಿಯಲ್ಲಿ ಬ್ಯಾಟರಿ ತೆಗೆಯುವ ಚಿತ್ರವೇ ಇರುತ್ತದೆ, ನಿಜ. ನಾನೂ ಒಂದನ್ನು ಬಿಚ್ಚಿ ನೋಡಿದ್ದೇನೆ. ಬುಡದಲ್ಲಿ ರಬ್ಬರ್ ರಿಂಗು, ಅದರ ಹಿಂದೆ ಚಾರ್ಜ್ ಆಗುವ ತಾಮ್ರದ ಸುರುಳಿ, ಆಮೇಲೆ ಪೆನ್ ಸೆಲ್ ಗಾತ್ರದ ಬ್ಯಾಟರಿ. ಆದರೆ ಅದು ರಿಮೋಟ್‌ನಲ್ಲಿರುವಂತೆ ಎಳೆದರೆ ಕೈಗೆ ಬರುವುದಿಲ್ಲ. ಎರಡೂ ತುದಿಗೆ ತೆಳು ನಿಕಲ್ ಪಟ್ಟಿಯನ್ನು ಚುಕ್ಕೆ ಚುಕ್ಕೆಯಾಗಿ ವೆಲ್ಡ್ ಮಾಡಿ, ಸರ್ಕ್ಯೂಟ್‌ಗೆ ಬೆಸುಗೆ ಹಾಕಿರುತ್ತಾರೆ. ಸ್ಕ್ರೂಡ್ರೈವರ್ ಜಾರಿ ಎರಡು ಪಟ್ಟಿಗೂ ಒಟ್ಟಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಲಿಥಿಯಂ ಅಯಾನ್ ಸೆಲ್‌ಗೆ ತೂತು ಬಿದ್ದರೆ ಹೊಗೆ, ಬೆಂಕಿ. ಆ ಬೆಂಕಿ ಸುಲಭಕ್ಕೆ ಆರುವುದಿಲ್ಲ.

ಹಿಡಿಯ ಬುಡದಲ್ಲಿ ಯಾವ ಬ್ಯಾಟರಿ ಅಂತ ಬರೆದಿದೆಯಾ ನೋಡಿ. ಹಳೆಯವಾದರೆ ನಿಕಲ್-ಕ್ಯಾಡ್ಮಿಯಂ ಇಲ್ಲವೇ ನಿಕಲ್-ಮೆಟಲ್ ಹೈಡ್ರೈಡ್, 1.2 ವೋಲ್ಟ್. ಈಚಿನವು ಹೆಚ್ಚಾಗಿ ಲಿಥಿಯಂ ಅಯಾನ್, 3.6 ಅಥವಾ 3.7 ವೋಲ್ಟ್. ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ವಿಷ. ಅದಕ್ಕೇ ಇದನ್ನು ಗುಜರಿಗೆ ಹಾಕಬೇಡಿ ಅನ್ನುವುದು. ಅಲ್ಲಿ ಒಡೆಯುವವರು, ಸುಡುವವರು ಬರಿಗೈಯಲ್ಲಿ ಕೆಲಸ ಮಾಡುವ ಬಡವರು.

ಒಣಕಸದ ಚೀಲಕ್ಕೂ ಬೇಡ. ಕಸವನ್ನು ಒತ್ತುವ ಕಾಂಪ್ಯಾಕ್ಟರ್ ಲಾರಿಯಲ್ಲಿ ಸೆಲ್ ಜಜ್ಜಿಹೋದರೆ ಕಾಗದ, ಪ್ಲಾಸ್ಟಿಕ್ಕಿನ ನಡುವೆಯೇ ಕಿಡಿ ಹೊತ್ತುತ್ತದೆ. ಕಾನೂನೂ ಇದೇ ಹೇಳುತ್ತದೆ. 2001ರ ನಿಯಮ ಸೀಸದ ಬ್ಯಾಟರಿಗಷ್ಟೇ ಇತ್ತು. 2022ರ ಬ್ಯಾಟರಿ ತ್ಯಾಜ್ಯ ನಿಯಮ ಇಂಥ ಪುಟ್ಟ ಸೆಲ್‌ಗೂ ಅನ್ವಯಿಸುತ್ತದೆ. ಮನೆ ಕಸದಿಂದ ಬೇರೆ ಮಾಡಿ ಕೊಡುವುದು ಬಳಸಿದವರ ಹೊಣೆ, ವಾಪಸ್ ಪಡೆದು ರೀಸೈಕಲ್ ಮಾಡಿಸುವುದು ತಯಾರಕರ ಹೊಣೆ.

ಕೊಡುವ ಮುಂಚೆ ಬ್ರಷ್ ಆನ್ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಮತ್ತೆ ಚಾರ್ಜ್‌ಗೆ ಇಡಬೇಡಿ. ಬಾಯಿಗೆ ಹಾಕುವ ತಲೆ ಕಿತ್ತು ಬೇರೆ ಮಾಡಿ. ಚಾರ್ಜರ್ ಕೂಡ ಇ-ತ್ಯಾಜ್ಯವೇ, ಜೊತೆಗೆ ಕೊಡಿ. ಅಲ್ಲಿಯವರೆಗೆ ಒಲೆ, ಬಿಸಿಲಿನಿಂದ ದೂರ, ಒಣಗಿದ ಜಾಗದಲ್ಲಿರಲಿ. ಈಗಾಗಲೇ ಬಿಚ್ಚಿಬಿಟ್ಟಿದ್ದರೆ ಸೆಲ್‌ನ ಎರಡೂ ತುದಿಗೆ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರ್‌ನಲ್ಲಿಡಿ. ಊದಿಕೊಂಡಿದ್ದರೆ, ಸುಮ್ನೆ ಇಟ್ಟಿದ್ದರೂ ಬಿಸಿಯಾಗುತ್ತಿದ್ದರೆ ಒತ್ತಬೇಡಿ. ಒಣ ಮರಳು ತುಂಬಿದ ಸ್ಟೀಲ್ ಡಬ್ಬಿಯಲ್ಲಿಟ್ಟು, ಮನೆಯಿಂದ ಹೊರಗೆ ನೆರಳಲ್ಲಿಡಿ. ಮುಚ್ಚಳ ಬಿಗಿಯಬೇಡಿ.

ಎಲ್ಲಿ ಕೊಡುವುದು? ನಿಮ್ಮ ವಾರ್ಡ್‌ನ ಒಣಕಸ ಸಂಗ್ರಹ ಕೇಂದ್ರದಲ್ಲಿ ಇ-ತ್ಯಾಜ್ಯ ತಗೋತಾರಾ ಅಂತ ಮೊದಲು ವಿಚಾರಿಸಿ. ಅಪಾರ್ಟ್‌ಮೆಂಟ್ ಆದರೆ ಸಂಘದವರನ್ನು ಕೇಳಿ, ಎಷ್ಟೋ ಕಡೆ ಆಗಾಗ ಇ-ತ್ಯಾಜ್ಯ ಸಂಗ್ರಹಿಸುತ್ತಾರೆ. ಎರಡೂ ಆಗಲಿಲ್ಲ ಅಂದರೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ರೀಸೈಕ್ಲರ್‌ಗಳಿದ್ದಾರೆ. ದಾಬಸ್‌ಪೇಟೆಯ ಇ-ಪರಿಸರ ಈ ಕೆಲಸದಲ್ಲಿ ದೇಶಕ್ಕೇ ಮೊದಲಿಗರು. ಒಂದೆರಡು ಬ್ರಷ್‌ಗೆ ಯಾರೂ ಮನೆವರೆಗೆ ಬರಲಿಕ್ಕಿಲ್ಲ. ಅಕ್ಕಪಕ್ಕದವರ ಹಳೇ ಟ್ರಿಮ್ಮರ್, ಇಯರ್‌ಫೋನ್ ಎಲ್ಲ ಸೇರಿಸಿ ಫೋನ್ ಮಾಡಿ. ಕೊಡುವಾಗ ಹಿಡಿಯ ಮೇಲೆ ‘ಒಳಗೆ ಬ್ಯಾಟರಿ ಇದೆ’ ಅಂತ ಚೀಟಿ ಅಂಟಿಸಿ. ಹೊರಗಿನಿಂದ ನೋಡಿದರೆ ಅದು ಬರೀ ಪ್ಲಾಸ್ಟಿಕ್ ತುಂಡಿನ ಹಾಗೇ ಕಾಣುತ್ತದೆ.